ಕುಮಾರ ಪಾರ್ಕ್‌ನಿಂದ ಟ್ಯೂಬಿಂಗನ್‌ಗೆ ಒಂದು ಎಳೆ

1927ರ ಬೇಸಿಗೆಯಲ್ಲಿ ಗಾಂಧೀಜಿ ಮೈಸೂರು ಸೀಮೆಗೆ ಬಂದದ್ದು ಆರೋಗ್ಯ ಸುಧಾರಿಸಿಕೊಳ್ಳುವುದಕ್ಕೆ. ಖಾದಿಯ ಕೆಲಸಕ್ಕೆಂದು ಊರೂರು ತಿರುಗಿ ಬಳಲಿದ್ದ ಅವರಿಗೆ ವೈದ್ಯರು ವಿಶ್ರಾಂತಿ ಹೇಳಿದ್ದರು. ಮೊದಲು ನಂದಿ ಬೆಟ್ಟದಲ್ಲಿದ್ದರು. ಜೂನ್ ತಿಂಗಳಲ್ಲಿ ಬೆಟ್ಟ ಇಳಿದು ಬೆಂಗಳೂರಿಗೆ ಬಂದು ಆಗಸ್ಟ್ ಕೊನೆಯವರೆಗೆ ಇಲ್ಲಿ ಬೀಡುಬಿಟ್ಟರು. ಆ ತಿಂಗಳುಗಳಲ್ಲಿ ಬರೆದ ಕಾಗದಗಳ ತಲೆಯಲ್ಲಿ ‘ಕುಮಾರ ಪಾರ್ಕ್, ಬೆಂಗಳೂರು’ ಎಂಬ ವಿಳಾಸವಿದೆ.

ವಿಶ್ರಾಂತಿಗೆ ಬಂದ ಅತಿಥಿ ಬರೀ ಮಲಗಿರಲಿಲ್ಲ. ದನಗಳನ್ನು ಸಾಕುವುದು ಹೇಗೆ, ನಮ್ಮ ಹಸುಗಳು ಯಾಕೆ ಇಷ್ಟು ಕಡಿಮೆ ಹಾಲು ಕೊಡುತ್ತವೆ ಎಂಬ ಪ್ರಶ್ನೆ ಅವರ ತಲೆಯಲ್ಲಿತ್ತು. ಆಡುಗೋಡಿಯ ಕಡೆ ಸರ್ಕಾರದ ಇಂಪೀರಿಯಲ್ ಡೈರಿ ಇತ್ತು. ಅಲ್ಲಿಗೆ ಹೋಗಿ, ಡೈರಿ ತಜ್ಞ ವಿಲಿಯಂ ಸ್ಮಿತ್ ಅವರಿಂದ ತಳಿ, ಮೇವು, ಗೊಬ್ಬರ, ಹಾಲಿನ ಲೆಕ್ಕ ಎಲ್ಲವನ್ನೂ ವಿದ್ಯಾರ್ಥಿಯ ಹಾಗೆ ಕೇಳಿ ತಿಳಿದುಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಆ ಸಂಸ್ಥೆ ಇಂದಿಗೂ ಅಲ್ಲೇ ಇದೆ, ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿ.

ಪರಊರಿನಲ್ಲಿ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹೋದವರ ಕೈಯಲ್ಲಿ ಒಂದು ಪ್ರಶ್ನೆ ಇದ್ದರೆ ಊರು ತಾನಾಗಿ ಬಾಗಿಲು ತೆಗೆಯುತ್ತದೆ. ಪ್ರಶ್ನೆ ಇಲ್ಲದೆ ಹೋದವರಿಗೆ ಎಷ್ಟು ದೊಡ್ಡ ಊರಾದರೂ ಒಂದು ಚಿತ್ರಪಟ, ಅಷ್ಟೆ.

ನಮ್ಮ ಕುಮಾರ ಪಾರ್ಕ್‌ನಿಂದ ಈಗ ವಿದೇಶಕ್ಕೆ ಹೋಗದ ಮನೆ ಹುಡುಕಬೇಕು. ಒಬ್ಬರು ಮಗಳ ಬಾಣಂತನಕ್ಕೆ ಹೊರಟಿರುತ್ತಾರೆ, ಇನ್ನೊಬ್ಬರು ಮಗನ ಗೃಹಪ್ರವೇಶಕ್ಕೆ, ಮತ್ತೊಬ್ಬರು ನಿವೃತ್ತಿಯ ಹಣದಲ್ಲಿ ಗುಂಪು ಪ್ರವಾಸಕ್ಕೆ. ಗಾಂಧಿ ಭವನದ ಕಡೆ ಬೆಳಗಿನ ವಾಕಿಂಗ್‌ನಲ್ಲಿ ಷೆಂಗೆನ್ ವೀಸಾದ ಮಾತು ತರಕಾರಿ ಬೆಲೆಯ ಮಾತಿನಷ್ಟೇ ಸಲೀಸು. ನಮ್ಮ ರಸ್ತೆಯ ನಿವೃತ್ತ ಮೇಷ್ಟರೊಬ್ಬರು ಹೀಗೇ ಒಂದು ಬೆಳಗ್ಗೆ ಜೊತೆಗೆ ಹೆಜ್ಜೆ ಹಾಕುತ್ತಾ ಹೇಳಿದರು: “ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀವಿ ಕಣ್ರೀ, ಮಗನ ಮನೆಗೆ. ಅವನು ಬೆಳಗ್ಗೆ ಕೆಲಸಕ್ಕೆ ಹೋದ್ರೆ ಬರೋದು ಸಂಜೆ. ಮೂರು ತಿಂಗಳು ಕಿಟಕಿ ನೋಡ್ಕೊಂಡು ಕೂತಿರ್ಬೇಕಲ್ಲ ಅನ್ನೋದೇ ಯೋಚನೆ.”

“ಮೇಷ್ಟ್ರೇ, ನೀವು ಕನ್ನಡ ಪಾಠ ಮಾಡಿದವರು. ನಿಮ್ಮ ಮಗನ ಮನೆಯಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಕಿಟ್ಟೆಲ್ ಕೊನೆಯುಸಿರೆಳೆದ ಊರು ಸಿಗುತ್ತೆ. ಅದೇ ದಾರಿಯಲ್ಲಿ ಕಾಲು ಗಂಟೆ ಹೋದರೆ ಮೊಗ್ಲಿಂಗ್ ತೀರಿಕೊಂಡ ಊರು,” ಎಂದೆ.

ಅವರು ಅಲ್ಲೇ ನಿಂತರು. ಅವರ ಮನೆಯಾಕೆ ಮುಂದೆ ಹೋದವರು ತಿರುಗಿ, “ಏನಾಯ್ತು?” ಎಂದು ಕೇಳಿದರು. “ನಾವು ಹೋಗ್ತಿರೋದು ಕಿಟ್ಟೆಲ್ ಊರಿಗಂತೆ ಕಣೇ,” ಎಂದರು ಮೇಷ್ಟ್ರು.

ಅಂದು ಅವರಿಗೆ ನಡೆಯುತ್ತಾ ಹೇಳಿದ್ದನ್ನು, ನಾನು ಅದೇ ದಾರಿಯಲ್ಲಿ ಓಡಾಡಿ ಕಂಡದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ. ವಿದೇಶಕ್ಕೆ ಹೋಗುವ ಕನ್ನಡಿಗರು ನಮ್ಮ ನಾಡಿನ ಯಾವುದಾದರೂ ಒಂದು ಎಳೆಯನ್ನು ಕೈಯಲ್ಲಿ ಹಿಡಿದು ಹೊರಡಬೇಕು ಎಂಬುದು ನನ್ನ ಬೇಡಿಕೆ. ಆ ಎಳೆಯ ಇನ್ನೊಂದು ತುದಿ ಎಲ್ಲೋ ಒಂದು ಪರದೇಶದ ಬೀದಿಯಲ್ಲಿ ಇದ್ದೇ ಇರುತ್ತದೆ.

ಎಳೆ ಹಿಡಿಯುವ ಕೆಲಸ ಮನೆಯಲ್ಲೇ ಶುರುವಾಗಬೇಕು. ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಉತ್ತರ ಜರ್ಮನಿಯ ಕಡಲ ಸೀಮೆಯ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರು ಎಂದು ಓಡಾಡುತ್ತಾ ಕನ್ನಡ ಕಲಿತರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು: ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಒಂದೊಂದು ಪದದ ಕೆಳಗೂ ಹಳೆಯ ಕಾವ್ಯದಿಂದ, ಜನರ ಗಾದೆಯಿಂದ ಎತ್ತಿದ ಪ್ರಯೋಗ. ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ರೂಪಗಳು. ಊರೂರಿನ ಪಂಡಿತರ ನೆರವಿಲ್ಲದೆ ಇದು ಆಗುತ್ತಿರಲಿಲ್ಲ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಇದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ಕಟ್ಟಿದಾಗಲೂ ಕಿಟ್ಟೆಲ್ ಹಾಕಿದ ಅಡಿಪಾಯ ಕೆಳಗಿತ್ತು.

ಹರ್ಮನ್ ಮೊಗ್ಲಿಂಗ್ ಕಿಟ್ಟೆಲ್‌ಗಿಂತ ಹಿರಿಯರು. 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಆ ದಿನವನ್ನೇ ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. 1848ರಿಂದ 1853ರವರೆಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣದಂಥ ಕಾವ್ಯಗಳನ್ನು ಅಚ್ಚಿಗೆ ತಂದರು. ಮನೆಮನೆಯಲ್ಲಿ ಹಾಡುತ್ತಿದ್ದ ದಾಸರ ಪದಗಳು ಮೊದಲ ಬಾರಿಗೆ ಪುಸ್ತಕವಾಗಿ ಅಚ್ಚಾದದ್ದೂ 1850ರಲ್ಲಿ, ಅವರ ಕೈಯಿಂದಲೇ.

ಇಷ್ಟನ್ನು ತಿಳಿಯಲು ವಿಮಾನ ಹತ್ತಬೇಕಿಲ್ಲ. ಕುಮಾರ ಪಾರ್ಕ್‌ನಿಂದ ಸ್ವಲ್ಪ ದೂರದ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಮಿಷನ್ನುಗಳ ಹಳೆಯ ಪುಸ್ತಕ, ದಾಖಲೆಗಳ ಸಂಗ್ರಹ ಅಲ್ಲುಂಟು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಉಂಟು. ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆಯಿದೆ. ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರ ಎಂಬ ಹೆಸರೂ ಇದೆ. ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನು ಮನೆಯಲ್ಲಿ ಕೂತೇ ಕಂಪ್ಯೂಟರಿನಲ್ಲಿ ನೋಡಬಹುದು. ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ, ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಅವರ ಹೆಸರಿನ ಜಾಲತಾಣದಲ್ಲಿ ಮಲಯಾಳದ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಪುಟಪುಟವಾಗಿ ಸಿಗುತ್ತವೆ. ಇವನ್ನೆಲ್ಲ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಇಸವಿ, ಊರು ಬರೆದುಕೊಂಡು ಹೊರಟರೆ ಪ್ರವಾಸದ ಅರ್ಧ ಕೆಲಸ ಮುಗಿದಂತೆ.

ಇನ್ನು ಕಾಗದಪತ್ರದ ಮಾತು. ಜರ್ಮನಿ, ಸ್ವಿಟ್ಜರ್ಲೆಂಡ್ ಎರಡೂ ಷೆಂಗೆನ್ ಒಪ್ಪಂದದ ಒಳಗಿರುವುದರಿಂದ ಒಂದೇ ವೀಸಾ ಸಾಕು. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ‘ಮೂರು ತಿಂಗಳು’ ಎಂದು ಅಂದಾಜು ಮಾಡದೆ ದಿನ ಎಣಿಸಿ ಟಿಕೆಟ್ ಮಾಡಿಸಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುಂಚೆ ಹಾಕುವುದು ಒಳ್ಳೆಯದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಒಯ್ಯಬಹುದು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಒಳತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ಮೊಮ್ಮಗುವಿಗೆಂದು ಕಾಯಿಸಿದ ತುಪ್ಪದ ಡಬ್ಬಿ ಎಷ್ಟೇ ಪ್ರೀತಿಯದಾದರೂ ಮನೆಯಲ್ಲೇ ಇರಲಿ. ಸ್ವಿಟ್ಜರ್ಲೆಂಡಿನ ನಾಣ್ಯ ಫ್ರಾಂಕ್. ಯೂರೋ ಎಲ್ಲ ಕಡೆ ನಡೆಯುವುದಿಲ್ಲ. ಜರ್ಮನಿಯ ಸಣ್ಣ ಅಂಗಡಿ, ಬೇಕರಿಗಳಲ್ಲಿ ಕಾರ್ಡು ತೆಗೆದುಕೊಳ್ಳದವರು ಈಗಲೂ ಇದ್ದಾರೆ, ಸ್ವಲ್ಪ ನಗದು ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು.

ನಮ್ಮ ಎಳೆಯ ಮೊದಲ ಗಂಟು ಬಾಸೆಲ್. ರೈನ್ ನದಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವಲ್ಲಿ ಈ ನಗರವಿದೆ. ವಿಮಾನ ನಿಲ್ದಾಣ ಫ್ರಾನ್ಸಿನ ನೆಲದಲ್ಲಿ, ಜರ್ಮನ್ ರೈಲ್ವೆಯ ದೊಡ್ಡ ನಿಲ್ದಾಣವೊಂದು ಸ್ವಿಸ್ ನೆಲದಲ್ಲಿ, ಇತ್ತ ಜರ್ಮನಿಗೂ ಅತ್ತ ಫ್ರಾನ್ಸಿಗೂ ಹೋಗಿ ಬರುವ ಟ್ರಾಮುಗಳು. ಗಡಿ ಎಂದರೆ ಮುಳ್ಳುತಂತಿ ಎಂದೇ ತಿಳಿದವರು ಇಲ್ಲೊಂದು ದಿನ ಟ್ರಾಮಿನಲ್ಲಿ ಓಡಾಡಬೇಕು. ಹೋಟೆಲಿನಲ್ಲಿ ಉಳಿದವರಿಗೆ ಊರೊಳಗಿನ ಟ್ರಾಮು, ಬಸ್ಸು ಉಚಿತವಾಗುವ ಕಾರ್ಡನ್ನು ಅಲ್ಲೇ ಕೊಡುತ್ತಾರೆ, ಕೇಳಿ ಪಡೆಯಬೇಕು. ಬೀದಿಯ ಕಾರಂಜಿಗಳಲ್ಲಿ ಕುಡಿಯುವ ನೀರು ಹರಿಯುತ್ತಿರುತ್ತದೆ, ಬಾಟಲಿ ಕೊಳ್ಳುವ ಖರ್ಚಿಲ್ಲ. ಕ್ಯಾಥೆಡ್ರಲ್ಲಿನ ಕೆಳಗೆ ರೈನ್ ದಾಟಲು ದೋಣಿಯಿದೆ. ಅದಕ್ಕೆ ಎಂಜಿನ್ ಇಲ್ಲ. ನದಿಯ ಮೇಲೆ ಕಟ್ಟಿದ ತಂತಿಗೆ ಸಿಕ್ಕಿಸಿದ ದೋಣಿಯನ್ನು ನೀರಿನ ಸೆಳೆತವೇ ಆಚೆ ದಡಕ್ಕೆ ಒಯ್ಯುತ್ತದೆ. ನೇತ್ರಾವತಿ, ಕಾಳಿ ನದಿಗಳನ್ನು ದೋಣಿಯಲ್ಲಿ ದಾಟಿದ ನಮ್ಮ ಕರಾವಳಿಯವರು ಅದರಲ್ಲಿ ಕೂತರೆ ಅಂಬಿಗನೊಡನೆ ಮಾತಾಡಲು ಭಾಷೆ ಬೇಕಾಗುವುದಿಲ್ಲ.

ಹಳೆಯ ಊರಿನ ಪಶ್ಚಿಮಕ್ಕೆ ಷ್ಪಾಲೆನ್‌ಟೋರ್ ಎಂಬ ಮಧ್ಯಯುಗದ ಕೋಟೆಬಾಗಿಲು. ಅದನ್ನು ದಾಟಿದರೆ ಶುರುವಾಗುವ ರಸ್ತೆಯ ಹೆಸರೇ ಮಿಷನ್ ರಸ್ತೆ. 21ನೇ ನಂಬರಿನ ಆ ಉದ್ದನೆಯ ಕಟ್ಟಡವೇ ಬಾಸೆಲ್ ಮಿಷನ್ನಿನ ಮನೆ. 1815ರಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಈಗ ಇಲ್ಲಿ ‘ಮಿಷನ್ 21’ ಎಂಬ ಸಂಸ್ಥೆಯ ಕಚೇರಿ ಮತ್ತು ಪತ್ರಾಗಾರ ಇವೆ.

ಪತ್ರಾಗಾರಕ್ಕೆ ಸುಮ್ಮನೆ ನುಗ್ಗುವಂತಿಲ್ಲ. ಕೆಲವು ವಾರ ಮೊದಲೇ ಇಂಗ್ಲಿಷಿನಲ್ಲಿ ಪತ್ರ ಬರೆದು, ಯಾವ ಊರಿನ, ಯಾವ ಕಾಲದ ಏನನ್ನು ನೋಡಬೇಕು ಎಂದು ತಿಳಿಸಿ ದಿನ ಗೊತ್ತು ಮಾಡಿಕೊಳ್ಳಬೇಕು. ಪಾಸ್‌ಪೋರ್ಟ್ ಜೊತೆಗಿರಲಿ, ಪೆನ್ನಿನ ಬದಲು ಪೆನ್ಸಿಲ್ ಇರಲಿ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಕೈಬರಹ ಇವತ್ತಿನ ಜರ್ಮನರಿಗೇ ಓದಲು ಕಷ್ಟ. ನಮ್ಮಂಥವರು ಛಾಯಾಚಿತ್ರ, ನಕಾಶೆ, ಅಚ್ಚಿನ ವರದಿಗಳಿಂದ ಶುರು ಮಾಡುವುದು ವಾಸಿ.

ಆ ಚಿತ್ರಗಳಲ್ಲಿ ನಮ್ಮ ಊರುಗಳಿವೆ. ಹುಬ್ಬಳ್ಳಿ, ಧಾರವಾಡ, ಗದಗಿನ ಬೆಟಗೇರಿ, ಗುಳೇದಗುಡ್ಡ, ಉಡುಪಿ, ಮಡಿಕೇರಿ. ಮಗ್ಗದ ಮುಂದೆ ಕೂತ ಹುಡುಗರು, ಶಾಲೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಹೆಣ್ಣುಮಕ್ಕಳು, ಮೊಳೆ ಜೋಡಿಸುವ ಅಚ್ಚಿನ ಮನೆಯವರು, ಹಂಚಿನ ಕಾರ್ಖಾನೆಯ ಚಿಮಣಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕೆಂಪು ಮಂಗಳೂರು ಹಂಚು ಅಲ್ಲಿಂದ ನಾಡೆಲ್ಲ ಹರಡಿ, ಬಸವನಗುಡಿ, ಮಲ್ಲೇಶ್ವರ, ಶೇಷಾದ್ರಿಪುರದ ಹಳೆಯ ಮನೆಗಳ ಮಾಡಿಗೂ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಜರ್ಮನ್ ಪಾದ್ರಿಗಳು ದೇಶ ಬಿಡಬೇಕಾಯಿತು.

ಇವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಶಾಲೆ, ಅಚ್ಚಿನ ಮನೆ, ಕಾರ್ಖಾನೆ ಎಲ್ಲವೂ ಆ ಕೆಲಸಕ್ಕೆ ಒದಗಲೆಂದೇ ಹುಟ್ಟಿದವು. ಮತಾಂತರವಾದವರು ಜಾತಿಯಿಂದ ಹೊರಬಿದ್ದಾಗ ಅವರ ಹೊಟ್ಟೆಪಾಡಿಗೆ ದಾರಿ ಬೇಕಾಗಿದ್ದರಿಂದಲೇ ಮಗ್ಗವೂ ಹಂಚೂ ಬಂದವು. ಇದನ್ನು ಮುಚ್ಚಿಟ್ಟು ಹೊಗಳುವುದು ಇತಿಹಾಸಕ್ಕೆ ಅನ್ಯಾಯ. ಅದೊಂದನ್ನೇ ಹಿಡಿದು ಶಬ್ದಮಣಿದರ್ಪಣವನ್ನು ಅಚ್ಚಿಗೆ ತಂದ ಕೈಯನ್ನು ಮರೆಯುವುದು ನಮಗೇ ಅನ್ಯಾಯ. ಆ ಪತ್ರಾಗಾರದ ಮೇಜಿನ ಮುಂದೆ ಕೂತಾಗ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನನಗೆ ಸಾಧ್ಯವಾಯಿತು. ಪ್ರಯಾಣ ಕಲಿಸುವ ಪಾಠಗಳಲ್ಲಿ ಇದು ದೊಡ್ಡದು ಎಂದು ನಂಬಿದ್ದೇನೆ.

ಬಾಸೆಲ್‌ನಿಂದ ಟ್ಯೂಬಿಂಗನ್‌ಗೆ ರೈಲು. ಬಾಡಿಷರ್ ನಿಲ್ದಾಣದಿಂದ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ದಿನದ ಟಿಕೆಟ್ ಕೊಂಡರೆ ಆ ರಾಜ್ಯದೊಳಗೆ ದಿನವಿಡೀ ಓಡಾಡಬಹುದು. ಪ್ರಾದೇಶಿಕ ರೈಲುಗಳಲ್ಲಿ ಮಾತ್ರ ಅದು ನಡೆಯುತ್ತದೆ, ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆಯೇ ಹತ್ತಬೇಕು. ಹೆಚ್ಚು ಜನ ಸೇರಿದಷ್ಟೂ ತಲೆಗೆ ಬೀಳುವ ಖರ್ಚು ಕಡಿಮೆ. ಟಿಕೆಟ್ಟಿನ ಮೇಲೆ ಹೆಸರು ಬರೆಯಬೇಕು. ನಿಧಾನದ ರೈಲೇ ನೋಡುವವರಿಗೆ ಚೆನ್ನ: ದ್ರಾಕ್ಷಿ ತೋಟ, ಕಪ್ಪು ಕಾಡಿನ ಅಂಚು, ಊರಿಗೊಂದು ಗೋಪುರ ಕಣ್ಣಿಗೆ ಸಾವಕಾಶ ಕೊಟ್ಟು ಸರಿಯುತ್ತವೆ.

ಟ್ಯೂಬಿಂಗನ್ ನೆಕರ್ ನದಿಯ ದಡದ ವಿದ್ಯೆಯ ಊರು. ಅದರ ವಿಶ್ವವಿದ್ಯಾಲಯ 1477ರದು. ನಮ್ಮಲ್ಲಿ ಆಗ ವಿಜಯನಗರ ಆಳುತ್ತಿತ್ತು. ಟ್ಯೂಬಿಂಗನ್ನಿನ ಬೀದಿಗಳು ಕಡಿದು, ಕಲ್ಲು ಹಾಸಿದ್ದು. ಮಂಡಿ ನೋವಿನವರು ಗಟ್ಟಿ ಅಟ್ಟೆಯ ಷೂ ಹಾಕಿಕೊಳ್ಳಬೇಕು. ನದಿಯ ಮೇಲ್ಗಡೆ 1536ರಲ್ಲಿ ಶುರುವಾದ ‘ಷ್ಟಿಫ್ಟ್’ ಎಂಬ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯವಿದೆ. ಗ್ರಹಗಳ ಚಲನೆಯ ನಿಯಮ ಕಂಡ ಕೆಪ್ಲರ್ ಅಲ್ಲಿ ಓದಿದವನು. ಹೆಗೆಲ್, ಷೆಲ್ಲಿಂಗ್, ಕವಿ ಹೋಲ್ಡರ್ಲಿನ್ ಅಲ್ಲಿ ಒಂದೇ ಕೋಣೆಯಲ್ಲಿದ್ದವರು. ಯುರೋಪಿನ ಪ್ರವಾಸಿಗರು ಈ ಹೆಸರುಗಳಿಗಾಗಿ ಬರುತ್ತಾರೆ. ನಮಗೆ ಇನ್ನೊಂದು ಕಾರಣವಿದೆ: ‘ಮಂಗಳೂರ ಸಮಾಚಾರ’ ಹೊರಡಿಸಿದವರು ವಿದ್ಯೆ ಕಲಿತದ್ದು ಇದೇ ಊರಿನಲ್ಲಿ. ಕನ್ನಡಕ್ಕೆ ಮಾಡಿದ ಕೆಲಸವನ್ನು ಮೆಚ್ಚಿ ಈ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗ್ ಅವರಿಗೆ, 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವ ಮೊದಲೇ, ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ಮೊದಲೇ, ಕನ್ನಡ ವಿದ್ವತ್ತಿಗೆ ನೆಕರ್ ದಡದಲ್ಲಿ ಮನ್ನಣೆ ಸಿಕ್ಕಿತ್ತು.

ಭಾರತ ಬಿಟ್ಟ ಮೇಲೆ ಕಿಟ್ಟೆಲ್ ಟ್ಯೂಬಿಂಗನ್‌ನಲ್ಲೇ ನೆಲೆಸಿದರು. ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು, ಅದೇ ವರ್ಷ ಅವರು ತೀರಿಕೊಂಡರು. ಅವರ ಆ ಕೊನೆಯ ವರ್ಷಗಳಲ್ಲಿ ಅದೇ ಊರಿನ ದೊಡ್ಡ ಚರ್ಚಿನ ಎದುರು, ಹೋಲ್ಟ್ಸ್‌ಮಾರ್ಕ್ಟ್ ಚೌಕದ ಹೆಕ್ಕೆನ್‌ಹಾವರ್ ಪುಸ್ತಕದಂಗಡಿಯಲ್ಲಿ ಹದಿಹರೆಯದ ಹುಡುಗನೊಬ್ಬ ಕೆಲಸಕ್ಕಿದ್ದ, 1895ರಿಂದ 1899ರವರೆಗೆ. ಆ ಹುಡುಗ ಹರ್ಮನ್ ಹೆಸ್ಸೆ, ಮುಂದೆ ‘ಸಿದ್ಧಾರ್ಥ’ ಬರೆದವನು. ಅವನ ತಾತ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿದ್ದು ಮಲಯಾಳ ನಿಘಂಟು ಮಾಡಿದವರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆಯೂ ಬಾಸೆಲ್ ಮಿಷನ್ನಿನಿಂದ ಭಾರತಕ್ಕೆ ಬಂದಿದ್ದವರು. ಗುಂಡರ್ಟ್ ತಮ್ಮ ಗೆಳೆಯ ಮೊಗ್ಲಿಂಗ್ ಅವರ ಜೀವನಚರಿತ್ರೆಯನ್ನೂ ಬರೆದರು. ಆ ಅಂಗಡಿಯಲ್ಲಿ ಹೆಸ್ಸೆಯ ನೆನಪಿನ ಪುಟ್ಟ ಕೋಣೆಯೊಂದಿದೆ. ಅದರ ಮುಂದಿನ ಚೌಕದ ಮೆಟ್ಟಿಲ ಮೇಲೆ ಕೂತಾಗ ನನಗೆ ಆ ಊರು ಪರದೇಶ ಎನಿಸಲಿಲ್ಲ. ಮಂಗಳೂರು, ತಲಶ್ಶೇರಿ, ಧಾರವಾಡದ ಹೆಸರುಗಳನ್ನು ಕೇಳುತ್ತಾ ಬೆಳೆದ ಮನೆಗಳು ಈ ಬೀದಿಗಳಲ್ಲಿ ಇದ್ದವಲ್ಲ ಎಂಬ ಅರಿವು ಎಷ್ಟೋ ಹತ್ತಿರ ತಂದಿತು.

ಸಮಯ ಇದ್ದವರು ಹೆಸ್ಸೆ 1877ರಲ್ಲಿ ಹುಟ್ಟಿದ ಕಾಲ್ವ್‌ಗೂ ಹೋಗಬಹುದು. ನಾಗೋಲ್ಡ್ ನದಿಯ ಕಣಿವೆಯ ಆ ಊರಿನಲ್ಲಿ ಗುಂಡರ್ಟ್ ಪ್ರಕಾಶನದ ಕೆಲಸ ನೋಡಿಕೊಂಡಿದ್ದರು. ಮೊಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ ಎಸ್ಲಿಂಗನ್ ಸ್ಟುಟ್‌ಗಾರ್ಟ್‌ಗೆ ತೀರ ಹತ್ತಿರ, ಲೋಕಲ್ ರೈಲಿನಲ್ಲೇ ತಲುಪಬಹುದು. ದ್ರಾಕ್ಷಿ ಗುಡ್ಡದ ಕೆಳಗೆ ಮರದ ಚೌಕಟ್ಟಿನ ಹಳೆಯ ಮನೆಗಳ ಊರು. ಇವು ದೊಡ್ಡ ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಇಲ್ಲ; ಅಲ್ಲಿಗೆ ಹೋದವರಿಗೆ ಜನ ಮಾತಿಗೆ ಸಿಗುತ್ತಾರೆ.

ಮಾತಿಗೆ ಸಿಗಬೇಕಾದರೆ ಅಲ್ಲಿನ ಮರ್ಯಾದೆ ತಿಳಿದಿರಬೇಕು. ಅಂಗಡಿಗೆ ಕಾಲಿಟ್ಟ ಕೂಡಲೇ ‘ಗ್ರೂಸ್ ಗಾಟ್’ ಎನ್ನಬೇಕು, ಹೊರಡುವಾಗಲೂ ಒಂದು ಮಾತು ಹೇಳಿ ಹೊರಡಬೇಕು. ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಹೋಗಬೇಕು. ರಾತ್ರಿ ಹತ್ತರ ಮೇಲೆ ಗಲಾಟೆ ಮಾಡುವಂತಿಲ್ಲ. ಮಗನ ಅಪಾರ್ಟ್‌ಮೆಂಟಿನಲ್ಲಿ ಮಿಕ್ಸಿ ಹಾಕುವ ತಾಯಂದಿರು ಇದನ್ನು ನೆನಪಿಡಬೇಕು. ಖಾಲಿ ಬಾಟಲಿ ಎಸೆಯದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಮುಂಗಡ ಕಟ್ಟಿದ ಹಣ ವಾಪಸ್ಸು ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್. ಸಸ್ಯಾಹಾರಿಗಳು ಈ ಸೀಮೆಯಲ್ಲಿ ಉಪವಾಸ ಇರಬೇಕಿಲ್ಲ. ‘ಕೇಸೆಷ್ಪೆಟ್ಸ್ಲೆ’ ಎಂದರೆ ಗಿಣ್ಣು ಹಾಕಿದ ಹಿಟ್ಟಿನ ಎಳೆಗಳು; ಉಪ್ಪು ಉದುರಿಸಿದ ‘ಬ್ರೆಟ್ಸೆಲ್’ ಎಲ್ಲ ಬೇಕರಿಯಲ್ಲೂ ಸಿಗುತ್ತದೆ. ಬೇಳೆಯನ್ನು ಹುಳಿಹುಳಿಯಾಗಿ ಬೇಯಿಸಿ ಷ್ಪೆಟ್ಸ್ಲೆ ಜೊತೆ ಬಡಿಸುವ ಅಡುಗೆ ಅಲ್ಲಿನವರ ಮನೆಯೂಟ. ನಮ್ಮ ಹುಳಿಯನ್ನ ತಿಂದ ನಾಲಿಗೆಗೆ ಅದು ಬೇಗ ಹತ್ತುತ್ತದೆ. ಆದರೆ ಜೊತೆಗೆ ಮಾಂಸದ ಸಾಸೇಜು ಬರುತ್ತದೆ, ಬೇಡ ಎಂದು ಮೊದಲೇ ಹೇಳಬೇಕು. ‘ಮೌಲ್ಟಾಷೆನ್’ ಎಂಬ ಕಡುಬಿನೊಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ.

ಇಷ್ಟೆಲ್ಲಕ್ಕಿಂತ ದೊಡ್ಡ ಕೀಲಿಕೈ ನಮ್ಮ ಕೈಯಲ್ಲಿರುವ ಪ್ರಶ್ನೆಯೇ. ‘ನಮ್ಮ ಭಾಷೆಯ ದೊಡ್ಡ ನಿಘಂಟು ಮಾಡಿದವರು ನಿಮ್ಮ ಊರಿನಲ್ಲಿ ಇದ್ದರು’ ಎಂದು ಹೇಳಿ ನೋಡಿ. ಗ್ರಂಥಾಲಯದವರು, ಚರ್ಚಿನಲ್ಲಿ ದೀಪ ಹಚ್ಚುವ ಅಜ್ಜಿ, ಪುಸ್ತಕದಂಗಡಿಯವರು, ಯಾರೇ ಆಗಲಿ, ಕೆಲಸ ಬದಿಗಿಟ್ಟು ಕೇಳುತ್ತಾರೆ. ತಮ್ಮ ಊರಿನ ಬಗ್ಗೆ ತಮಗೇ ಗೊತ್ತಿಲ್ಲದ್ದನ್ನು ಏಳು ಸಾವಿರ ಕಿಲೋಮೀಟರಿಗೂ ದೂರದಿಂದ ಬಂದವರು ಹೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಆ ಗಳಿಗೆಯಿಂದ ನಾವು ಅಲ್ಲಿ ಗಿರಾಕಿಗಳಲ್ಲ, ನೆಂಟರು.

ಎಲ್ಲರ ಮಕ್ಕಳೂ ಸ್ಟುಟ್‌ಗಾರ್ಟ್‌ನಲ್ಲಿ ಇರುವುದಿಲ್ಲ. ಎಳೆಗಳು ಮಾತ್ರ ಎಲ್ಲ ದಿಕ್ಕಿಗೂ ಹೋಗಿವೆ, ಹಲವು ನಮ್ಮ ಬಡಾವಣೆಯಿಂದಲೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ನಿವಾಸವಾಗಿದ್ದ ಕುಮಾರ ಕೃಪದ ಹೆಸರು ಹೊತ್ತ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. ಜನವರಿಯ ಚಿತ್ರಸಂತೆಗೆ ಲಕ್ಷಾಂತರ ಜನ ಬರುತ್ತಾರೆ. ಒಳಗಿನ ರೋರಿಕ್ ಗ್ಯಾಲರಿ ಉಳಿದ ದಿನಗಳಲ್ಲಿ ನಿರಾಳವಾಗಿ ಕಾಯುತ್ತಿರುತ್ತದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ, ಮಧ್ಯ ಏಷ್ಯಾ ಸುತ್ತಿ, ಕುಲು ಕಣಿವೆಯಲ್ಲಿ ನೆಲೆಸಿದ ನಿಕೋಲಸ್ ರೋರಿಕ್ ಮತ್ತು ಅವರ ಮಗ, ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ದೇವಿಕಾ ರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಕ್, ಇಬ್ಬರ ಚಿತ್ರಗಳೂ ಅಲ್ಲಿವೆ. ಅದನ್ನು ನೋಡಿ ಹೊರಟವರು ನ್ಯೂಯಾರ್ಕಿನ 107ನೇ ಬೀದಿಯ ನಿಕೋಲಸ್ ರೋರಿಕ್ ಮ್ಯೂಸಿಯಂಗೆ ಹೋದರೆ, ಪ್ರವೇಶಕ್ಕೆ ದುಡ್ಡಿಲ್ಲದ ಆ ಮನೆಯಲ್ಲಿ ಪರಿಚಿತರನ್ನೇ ಕಾಣುತ್ತಾರೆ. ಯುದ್ಧದಲ್ಲೂ ಕಲೆ ಮತ್ತು ವಿದ್ಯೆಯ ನೆಲೆಗಳನ್ನು ಕಾಪಾಡಬೇಕೆಂಬ ರೋರಿಕ್ ಒಪ್ಪಂದಕ್ಕೆ 1935ರಲ್ಲಿ ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಸಹಿ ಬಿದ್ದಿತ್ತು.

ಲಾಲ್‌ಬಾಗಿನ ಎಳೆ ಹಿಡಿದವರು ಡ್ರೆಸ್ಡೆನ್ ಬಳಿಯ ಪಿಲ್ನಿಟ್ಸ್ ಅರಮನೆಯ ತೋಟಕ್ಕೆ ಹೋಗಬಹುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಗುಸ್ತಾವ್ ಕ್ರುಂಬಿಗಲ್ ತೋಟಗಾರಿಕೆ ಕಲಿತದ್ದು ಅಲ್ಲಿ. ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲೇ ಇದೆ. ಲಂಡನ್ನಿಗೆ ಹೋದವರು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿಯನ್ನು ಹಣ ಕೊಡದೆ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಯ ಜೊತೆ ಹೋದದ್ದು ಅದು. ಅಲ್ಲಿಂದ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ 2015ರ ನವೆಂಬರ್‌ನಲ್ಲಿ ನಿಂತ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಒಂದೇ ದಿನದಲ್ಲಿ ಈ ಎರಡನ್ನೂ ನೋಡಿದ ಮಗುವಿಗೆ, ಹೋದದ್ದು ಹೇಗೆ, ಬಂದದ್ದು ಹೇಗೆ ಎಂದು ಅಜ್ಜ ಅಜ್ಜಿ ವಿವರಿಸಿ ಹೇಳಿದರೆ ಶಾಲೆಯ ಒಂದು ವರ್ಷದ ಚರಿತ್ರೆಯ ಪಾಠವಾಗುತ್ತದೆ. ಅಲ್ಲೇ ಹುಟ್ಟಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಕನ್ನಡ ಎಂದರೆ ವಾರಾಂತ್ಯದ ವಿಡಿಯೊ ಕರೆಯ ಭಾಷೆ ಆಗಿಬಿಡುತ್ತಿದೆ. ಅವರ ಊರಿನಲ್ಲೇ ಕನ್ನಡದ ಬೇರು ಇದೆ ಎಂದು ತೋರಿಸಿದ ದಿನ ಅದು ಅವರದೂ ಆಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಹೋಗಿ ಬಂದವರು ಬರೆಯಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ನಮ್ಮ ಮುಂದಿವೆ. ಅವರಷ್ಟು ಚೆನ್ನಾಗಿ ಬರೆಯಬೇಕೆಂದು ಯಾರೂ ಕೇಳುವುದಿಲ್ಲ. ಯಾವ ರೈಲು ಹತ್ತಿದಿರಿ, ಯಾರನ್ನು ಏನು ಕೇಳಿದಿರಿ, ಅವರು ಏನು ಹೇಳಿದರು, ಯಾವ ಕಾಗದದಲ್ಲಿ ನಮ್ಮ ಯಾವ ಊರಿನ ಹೆಸರು ಕಂಡಿತು ಎಂದು ನಾಲ್ಕು ಪುಟ ಬರೆದು ಮುಂದೆ ಹೋಗುವವರ ಕೈಗೆ ಕೊಟ್ಟರೆ ಸಾಕು. ಕಿಟ್ಟೆಲ್, ಮೊಗ್ಲಿಂಗ್ ನಮ್ಮ ನಾಡಿಗೆ ಬಂದು, ಕೇಳಿದ್ದನ್ನೆಲ್ಲ ಬರೆದಿಟ್ಟರು. ಅದರಿಂದ ನಮಗೆ ನಿಘಂಟು ಸಿಕ್ಕಿತು, ಪತ್ರಿಕೆ ಸಿಕ್ಕಿತು, ದಾಸರ ಪದಗಳ ಪುಸ್ತಕ ಸಿಕ್ಕಿತು. ಅವರ ನಾಡಿಗೆ ಈಗ ಸಾವಿರ ಸಾವಿರ ಸಂಖ್ಯೆಯಲ್ಲಿ ಹೋಗುತ್ತಿರುವ ನಾವು ಅಷ್ಟೇ ಕಿವಿ ತೆರೆದು ಕೇಳಿ, ಅಷ್ಟೇ ಪ್ರಾಮಾಣಿಕವಾಗಿ ಬರೆದಿಟ್ಟರೆ, ಮುಂದಿನವರಿಗೆ ನಾವು ಕೊಡಬಹುದಾದ ಆಸ್ತಿ ಅದಕ್ಕಿಂತ ಚಿಕ್ಕದಾಗಿರುವುದಿಲ್ಲ.